ಕುಳ್ಳನ ಚಿನ್ನ, ಕಲ್ಕುಡನ ಕೈ

ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಡೆಯ ಯಾವುದಾದರೂ ಹಳೆಯ ಕಾಫಿ ತೋಟಕ್ಕೆ ಹೋಗಿ, ಇಲ್ಲಿ ಯಾವ ಯಾವ ಭೂತಗಳಿವೆ ಎಂದು ಕೇಳಿ ನೋಡಿ. ಪಟ್ಟಿ ಬೇಗ ಮುಗಿಯುವುದಿಲ್ಲ. ಗದ್ದೆಯಂಚಿನಲ್ಲಿ ಚೌಡಿ, ತೋಟದ ಮೂಲೆಯ ಬನದಲ್ಲಿ ನಾಗ, ಹಳ್ಳ ದಾಟುವಲ್ಲಿ ಜಟಕ, ಕೂಲಿಯವರ ಲೈನ್ ಮನೆಗಳ ಹಿಂದೆ ಪಂಜುರ್ಲಿ, ಅದರ ಪಕ್ಕದ ಕಲ್ಲಿನಲ್ಲಿ ಗುಳಿಗ. ಕತ್ತಲಾದ ಮೇಲೆ ಗದ್ದೆ ಬಯಲಿನಲ್ಲಿ ತಿರುಗುವ ಕೊಳ್ಳಿದೆವ್ವ ಬೇರೆ. ಅದೇ ತೋಟದ ಮನೆಯ ಮಕ್ಕಳನ್ನು ಕೇಳಿದರೆ ಇವರಲ್ಲಿ ಪಂಜುರ್ಲಿ, ಗುಳಿಗರು ಗೊತ್ತು ಎನ್ನುತ್ತಾರೆ, ಅದೂ ಸಿನಿಮಾದಿಂದ. ಅವರಷ್ಟೇ ಚೆನ್ನಾಗಿ ಇನ್ನೊಬ್ಬನೂ ಗೊತ್ತು: ಹಸಿರು ಕೋಟು, ಹಸಿರು ಟೋಪಿ, ಕೆಂಪು ಗಡ್ಡ, ಕಾಮನಬಿಲ್ಲಿನ ಬುಡದಲ್ಲಿ ಚಿನ್ನದ ಗಡಿಗೆ. ಐರ್ಲೆಂಡಿನ ಲೆಪ್ರೆಕಾನ್. ಹೆಸರು ಬಾಯಿಗೆ ಬರದಿದ್ದರೂ ಕಾರ್ಟೂನು, ಮೊಬೈಲ್ ಗೇಮುಗಳಿಂದ ಮುಖ ಪರಿಚಯವಂತೂ ಇದೆ.

ಜನರ ಬಾಯಲ್ಲಿ ಬದುಕಿದ್ದ ಜೀವಿಯೊಂದು ಮನರಂಜನೆಯ ಪೇಟೆಗೆ ಇಳಿದಾಗ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಐರಿಷ್ ಕುಳ್ಳನಿಗೆ ಆದದ್ದು ನಮ್ಮ ಘಟ್ಟದ ಭೂತಗಳಿಗೂ ಆಗುತ್ತದೆಯೆ? ಆಗುವುದು ಕಷ್ಟ ಎಂಬುದು ನನ್ನ ಅಂದಾಜು. ಅದಕ್ಕೆ ನಮ್ಮ ಭಕ್ತಿ ದೊಡ್ಡದೆಂಬುದು ಕಾರಣವಲ್ಲ. ನಮ್ಮ ಭೂತಗಳಿಗೆ ಯಾರೋ ಏನೋ ಕೊಡುವುದು ಬಾಕಿ ಇದೆ.

ಮೊದಲು ಆ ಕುಳ್ಳನ ಜಾತಕ ನೋಡೋಣ. ಎಂಟನೇ ಶತಮಾನದ್ದೆಂದು ವಿದ್ವಾಂಸರು ಹೇಳುವ ಹಳೆಯ ಐರಿಷ್ ಕಥೆಯೊಂದರಲ್ಲಿ ಅಲ್ಸ್ಟರಿನ ದೊರೆ ಫರ್ಗಸ್ ಮಾಕ್ ಲೇಟಿ ಕಡಲ ದಂಡೆಯಲ್ಲಿ ನಿದ್ದೆ ಹೋಗಿರುತ್ತಾನೆ. ನೀರಿನ ಕುಳ್ಳರು ಬಂದು ಅವನನ್ನು ಕಡಲಿಗೆ ಎಳೆಯುತ್ತಾರೆ. ಕಾಲಿಗೆ ತಣ್ಣೀರು ತಾಗಿ ಎಚ್ಚೆತ್ತ ದೊರೆ ಮೂವರನ್ನು ಹಿಡಿದುಕೊಳ್ಳುತ್ತಾನೆ. ಬಿಟ್ಟರೆ ಸಾಕೆಂದು ಅವರು ನೀರಿನಡಿ ಸಂಚರಿಸುವ ವಿದ್ಯೆ ಕೊಡುತ್ತಾರೆ, ಒಂದು ನೀರಿಗೆ ಮಾತ್ರ ಇಳಿಯಕೂಡದೆಂದು ಕಟ್ಟು ಹಾಕುತ್ತಾರೆ. ದೊರೆ ನೆಟ್ಟಗೆ ಅದಕ್ಕೇ ಇಳಿಯುತ್ತಾನೆ. ಕಥೆಯೊಳಗಿನ ದೊರೆಗಳಿಗೆ ಬೇರೆ ಕೆಲಸವಾದರೂ ಏನು? ಇಲ್ಲಿ ಚಿನ್ನವಿಲ್ಲ, ಕಾಮನಬಿಲ್ಲಿಲ್ಲ, ಹಸಿರು ಟೋಪಿಯಂತೂ ಇಲ್ಲವೇ ಇಲ್ಲ.

ಸಾವಿರ ವರ್ಷದ ಮೇಲೆ, ಥಾಮಸ್ ಕ್ರಾಫ್ಟನ್ ಕ್ರೋಕರ್ 1825ರಲ್ಲಿ ದಕ್ಷಿಣ ಐರ್ಲೆಂಡಿನ ಕಥೆಗಳನ್ನು ಅಚ್ಚು ಹಾಕಿಸುವ ಹೊತ್ತಿಗೆ ಈ ಕುಳ್ಳ ಪೊದೆಯ ಮರೆಯಲ್ಲಿ ಒಬ್ಬನೇ ಕೂತು ಜೋಡು ಹೊಲಿಯುವ ಮುದುಕನಾಗಿದ್ದ. ಕವಿ ಯೇಟ್ಸ್ 1888ರ ತನ್ನ ಸಂಗ್ರಹದಲ್ಲಿ ಅವನನ್ನು ಒಂಟಿ ಯಕ್ಷರ ಗುಂಪಿಗೆ ಸೇರಿಸಿದ. ಆ ಕಾಲದ ವರ್ಣನೆಗಳಲ್ಲಿ ಅವನ ಕೋಟು ಕೆಂಪು. ಹಸಿರು ಬಂದದ್ದು ಆಮೇಲೆ. ಅವನ ಬಗ್ಗೆ ಇರುವ ಅತಿ ಚೆಂದದ ಕಥೆ ಒಂದು ಹೊಲದ್ದು. ರೈತಾಪಿ ಹುಡುಗನೊಬ್ಬ ಕುಳ್ಳನನ್ನು ಹಿಡಿದು, ಹೆದರಿಸಿ, ಚಿನ್ನ ಹೂತಿರುವ ಗಿಡವನ್ನು ತೋರಿಸುವಂತೆ ಮಾಡುತ್ತಾನೆ. ಗುರುತಿಗೆ ತನ್ನ ಕೆಂಪು ಪಟ್ಟಿಯನ್ನು ಆ ಗಿಡಕ್ಕೆ ಕಟ್ಟಿ, ಅದನ್ನು ಬಿಚ್ಚುವುದಿಲ್ಲವೆಂದು ಕುಳ್ಳನಿಂದ ಆಣೆ ಮಾಡಿಸಿಕೊಂಡು, ಗುದ್ದಲಿ ತರಲು ಮನೆಗೆ ಓಡುತ್ತಾನೆ. ವಾಪಸು ಬಂದರೆ ಇಡೀ ಹೊಲದ ಪ್ರತಿ ಗಿಡದಲ್ಲೂ ಒಂದೊಂದು ಕೆಂಪು ಪಟ್ಟಿ! ಕುಳ್ಳ ಆಣೆ ಮುರಿಯಲಿಲ್ಲ. ಚಿನ್ನವೂ ಹೋಗಲಿಲ್ಲ.

ಪೇಟೆಯ ಕಥೆಯನ್ನು ಬೇಗ ಹೇಳಿಬಿಡಬಹುದು. 1845ರ ಆಲೂಗಡ್ಡೆ ಕ್ಷಾಮದ ನಂತರ ಲಕ್ಷಾಂತರ ಐರಿಷ್ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಅವರ ಜೊತೆ ಹೋದ ಕುಳ್ಳ ಅಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಬಾಸ್ಕೆಟ್‌ಬಾಲ್ ತಂಡದ ಲಾಂಛನವಾದ. 1959ರಲ್ಲಿ ಡಿಸ್ನಿ ಕಂಪನಿಯ ಚಿತ್ರದಲ್ಲಿ ಹಾಡಿದ, ಕುಣಿದ. 1964ರಿಂದ ಲಕ್ಕಿ ಚಾರ್ಮ್ಸ್ ಎಂಬ ತಿಂಡಿಯ ಡಬ್ಬದ ಮೇಲೆ ನಗುತ್ತಿದ್ದಾನೆ. 1993ರಲ್ಲಿ ಅವನ ಹೆಸರಿನಲ್ಲೇ ಒಂದು ಭಯಾನಕ ಚಿತ್ರ ಬಂತು, ಅದರ ಬಾಲ ಹಿಡಿದು ಇನ್ನಷ್ಟು ಬಂದವು. 2010ರಲ್ಲಿ ಡಬ್ಲಿನ್‌ನಲ್ಲಿ ಅವನಿಗೊಂದು ಮ್ಯೂಸಿಯಂ ಕೂಡ ಆಯಿತು. 2015ರ ಒಂದೇ ವರ್ಷದಲ್ಲಿ ಐರ್ಲೆಂಡಿನ ಜಿಡಿಪಿ ಶೇ. 26.3ರಷ್ಟು ಬೆಳೆದಿದೆ ಎಂದು ಅಲ್ಲಿನ ಸರ್ಕಾರಿ ಅಂಕಿಅಂಶ ಹೇಳಿದಾಗ, ದೊಡ್ಡ ಕಂಪನಿಗಳ ಲೆಕ್ಕಪತ್ರದ ಆ ಕೈಚಳಕವನ್ನು ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ‘ಲೆಪ್ರೆಕಾನ್ ಅರ್ಥಶಾಸ್ತ್ರ’ ಎಂದು ಕರೆದರು. ಇಷ್ಟೆಲ್ಲ ಆದರೂ ಭಕ್ತಿಗೆ ಧಕ್ಕೆಯಾಯಿತೆಂದು ಯಾರೂ ಸಿಟ್ಟಾಗಲಿಲ್ಲ. ಆ ಕುಳ್ಳನಿಗೆ ಯಾರೂ ಹರಕೆ ಹೊತ್ತಿರಲಿಲ್ಲ, ಅವನ ಹೆಸರಿನಲ್ಲಿ ಯಾರೂ ತಪ್ಪುಕಾಣಿಕೆ ಎತ್ತಿಡಬೇಕಾಗಿರಲಿಲ್ಲ.

ಈಗ ಘಟ್ಟಕ್ಕೆ ಬರೋಣ. ಚಿನ್ನದ ಗಡಿಗೆಗೆ ಇಲ್ಲಿ ಸಾಟಿಯಾಗಿ ನಿಲ್ಲುವುದು ಕೊಪ್ಪರಿಗೆ. ಕನ್ನಡ ನಾಡಿನ ಉದ್ದಗಲಕ್ಕೂ ಇರುವ ಈ ಕಥೆ ಮಲೆನಾಡಿನಲ್ಲಿ ಇನ್ನೂ ಮೊನಚಾಗಿದೆ. ಕೆರೆಯ ತಳದಲ್ಲೋ ಹಾಳು ಗುಡಿಯ ಅಡಿಯಲ್ಲೋ ಹೊನ್ನು ತುಂಬಿದ ಕೊಪ್ಪರಿಗೆ ಇದೆ, ಅದಕ್ಕೆ ಸರಪಳಿ ಇದೆ, ಸರ್ಪವೋ ಭೂತವೋ ಕಾವಲಿದೆ. ಅಮಾವಾಸ್ಯೆಯ ರಾತ್ರಿ ಕೊಪ್ಪರಿಗೆ ಜಾಗ ಬದಲಾಯಿಸುತ್ತದೆ, ಸರಪಳಿಯ ಸದ್ದು ಕೇಳುತ್ತದೆ. ಅಂಜನ ಹಾಕಿ ನೋಡಿದವರಿಗೆ ಅದು ಎಲ್ಲಿದೆ ಎಂದು ಕಾಣುತ್ತದೆ. ತೆಗೆಯಬೇಕೆಂದರೆ ಬಲಿ ಕೊಡಬೇಕು.

ಕುಳ್ಳನ ಚಿನ್ನ ಕುಳ್ಳನದೇ. ಅವನು ದುಡಿದು ಕೂಡಿಟ್ಟದ್ದು, ಅವನು ಜಿಪುಣ, ಅಷ್ಟೇ. ಆ ಕಥೆಯಲ್ಲಿ ಸೋತವನು ಗುದ್ದಲಿ ಹೆಗಲಿಗೇರಿಸಿ ಮನೆಗೆ ಹೋಗುತ್ತಾನೆ, ಕೇಳಿದವರು ನಗುತ್ತಾರೆ. ನಮ್ಮ ಕಾವಲುಗಾರನಿಗೆ ಸ್ವಂತದ್ದೆಂದು ಒಂದು ಕಾಸೂ ಇಲ್ಲ. ಅವನು ಕಾಯುತ್ತಿರುವುದು ಸತ್ತ ದೊರೆಯ, ಓಡಿಹೋದ ಪಾಳೆಯಗಾರನ, ಮಕ್ಕಳಿಲ್ಲದ ಸಾಹುಕಾರನ ಸೊತ್ತು. ಈ ಕಥೆ ನಗಿಸುವುದಿಲ್ಲ, ಸೋತವನ ಮನೆಯಲ್ಲಿ ಒಂದು ಸಾವಾಗಿರುತ್ತದೆ. ಅದಕ್ಕೇ ಇದು ತಿಂಡಿಯ ಡಬ್ಬದ ಮೇಲೆ ಹತ್ತಲಿಲ್ಲ, ಕಾಯಿದೆಯ ಪುಸ್ತಕ ಹತ್ತಿತು. 1878ರ ಭಾರತೀಯ ನಿಧಿ ಕಾಯಿದೆ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆನ್ನುತ್ತದೆ. ಕರ್ನಾಟಕದಲ್ಲಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆ ನಿಧಿಯ ಆಸೆಗೆ ಮಾಡುವ ವಾಮಾಚಾರವನ್ನು ಹೆಸರಿಸಿಯೇ ಅಪರಾಧ ಎಂದಿದೆ. ಹಾಳುಬಿದ್ದ ಗುಡಿಗಳ ಲಿಂಗ, ನಂದಿಗಳ ಅಡಿ ಅಗೆದು ಹೋಗುವ ನಿಧಿಗಳ್ಳರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಹೊಯ್ಸಳರ ಮೂಲನೆಲೆ ಎನ್ನುವ ಅಂಗಡಿ ಗ್ರಾಮ ಇರುವುದೇ ಮೂಡಿಗೆರೆ ತಾಲೂಕಿನಲ್ಲಿ. ಹಳೆಯ ಕಲ್ಲು ಇದ್ದಲ್ಲಿ ಕೊಪ್ಪರಿಗೆಯ ಮಾತು ಇದ್ದೇ ಇರುತ್ತದೆ.

ಕೊಳ್ಳಿದೆವ್ವದ ವಿಷಯ ಹಗುರ. ಗದ್ದೆಯಲ್ಲಿ ದೂರದಿಂದ ಬೆಂಕಿ ಕೊಳ್ಳಿಯಂತೆ ಕಂಡು, ಹತ್ತಿರ ಹೋದರೆ ಇಲ್ಲವಾಗುವ ಈ ಬೆಳಕು ಯುರೋಪಿನ ಜೌಗು ನೆಲದ ಹಳ್ಳಿಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಓಡಾಡಿದೆ. ಕೊಳೆತ ಎಲೆ, ಕೆಸರಿನಿಂದ ಏಳುವ ಅನಿಲದ ಆಟ ಎಂಬ ವಿವರಣೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕೊಳೆತ ಮರದ ಮೇಲೆ ತಣ್ಣಗೆ ಹಸಿರಾಗಿ ಹೊಳೆಯುವ ಅಣಬೆಗಳೂ ಇವೆ. ಗದ್ದೆಗಳೇ ಕಾಫಿಗೂ ಅಡಿಕೆಗೂ ತಿರುಗಿ, ಉಳಿದ ಕಡೆ ಸೋಲಾರ್ ಬೇಲಿಯ ದೀಪ ಮಿನುಗುತ್ತಿರುವಾಗ ಕೊಳ್ಳಿದೆವ್ವ ಈಗ ಅಜ್ಜಂದಿರ ಮಾತಿನಲ್ಲಿ ಮಾತ್ರ ಉಳಿದಿದೆ.

ಲೆಪ್ರೆಕಾನ್‌ನ ನಿಜವಾದ ಎದುರಾಳಿ ಕೊಪ್ಪರಿಗೆಯ ಕಾವಲುಗಾರನಲ್ಲ, ಕೊಳ್ಳಿದೆವ್ವವೂ ಅಲ್ಲ. ಅವನು ಕಲ್ಕುಡ. ಇಬ್ಬರೂ ಕಸುಬುದಾರರು, ಅದಕ್ಕೇ ಹೋಲಿಸಬೇಕು.

ಕಲ್ಕುಡ ಕಲ್ಲುಕುಟಿಗ. ತುಳು ಪಾಡ್ದನಗಳ ಪ್ರಕಾರ ಅವನು ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕಡೆದ. ಕೆಲಸ ಮುಗಿದ ಮೇಲೆ ಅರಸ ಕೊಟ್ಟ ಕೂಲಿ ಎಂದರೆ ಎಡಗೈ, ಬಲಗಾಲು ಕತ್ತರಿಸಿದ್ದು. ಇಂಥದ್ದನ್ನು ಇನ್ನೊಬ್ಬ ಅರಸನಿಗೆ ಮಾಡಿಕೊಡಬಾರದಲ್ಲ! ಆದರೂ ಅವನು ಒಂದೇ ಕೈಯಲ್ಲಿ ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ಕಡೆದನೆಂದು ಪಾಡ್ದನ ಹಾಡುತ್ತದೆ. ಆಮೇಲೆ ತಂಗಿ ಕಲ್ಲುರ್ಟಿಯೊಂದಿಗೆ ಮಾಯವಾಗಿ, ಭೂತವಾಗಿ, ಅರಸನ ನೆಮ್ಮದಿ ಕೆಡಿಸಿದ. ಕಾರ್ಕಳದ 42 ಅಡಿಯ ಬಾಹುಬಲಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಇತಿಹಾಸಕಾರ ಇಲ್ಲಿ ತಲೆ ಕೆರೆದುಕೊಳ್ಳಲಿ. ಪಾಡ್ದನ ಹಾಡುವವರಿಗೆ ಆ ಅಂತರ ಅಡ್ಡಿಯಲ್ಲ. ಅವರಿಗೆ ಕೈ ಕಳೆದುಕೊಂಡ ಶಿಲ್ಪಿ ಒಬ್ಬನೇ ಸಾಕು, ಎಷ್ಟು ಗೊಮ್ಮಟರಿದ್ದರೂ ಕಡೆದವನು ಅವನೇ.

ಈ ಕಥೆ ಘಟ್ಟದ ಕೆಳಗಿನದು, ಕಾಫಿ ಸೀಮೆಗೆ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಭೈರರಸರದು ಕಳಸ–ಕಾರ್ಕಳ ರಾಜ್ಯ. ಘಟ್ಟದ ಮೇಲೆ ಭದ್ರೆಯ ದಡದ ಕಳಸ, ಕೆಳಗೆ ಕಾರ್ಕಳ, ಎರಡಕ್ಕೂ ಒಂದೇ ಮನೆತನ. ಕಳಸೇಶ್ವರನ ಗುಡಿಯ ಮೆಟ್ಟಿಲು ಹತ್ತುವವರು ಕಲ್ಕುಡನಿಗೆ ಕೈಕೊಟ್ಟ ಅರಸನ ಸೀಮೆಯಲ್ಲೇ ಕಾಲಿಡುತ್ತಿರುತ್ತಾರೆ. ಕೈಕೊಟ್ಟ ಎಂದರೆ ಇಲ್ಲಿ ಕೈ ಕತ್ತರಿಸಿದ.

ಜೋಡು ಹೊಲಿಯುವ ಐರಿಷ್ ಕುಳ್ಳ ಚಿನ್ನ ಉಳಿಸಿಕೊಂಡ, ಕಲ್ಲು ಕಡೆಯುವ ತುಳುವ ಕೈ ಕಳೆದುಕೊಂಡ. ಮೊದಲನೆಯವನನ್ನು ಹಿಡಿಯಲು ಜನ ಹೊಂಚು ಹಾಕುತ್ತಾರೆ. ಎರಡನೆಯವನು ತಾನೇ ಬಂದು ಮನುಷ್ಯನ ಮೈಮೇಲೆ ನಿಂತು, ನನಗೆ ಬರಬೇಕಾದ್ದೇನು ಎಂದು ಕೇಳುತ್ತಾನೆ. ತುಳುನಾಡಿನ ದೊಡ್ಡ ಭೂತಗಳಲ್ಲಿ ಹಲವರು ಹೀಗೆ ಅನ್ಯಾಯವಾಗಿ ಸತ್ತವರು. ಈ ಭೂತಗಳ ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು, ಬೇರೆ ದಿನ ಊರಿನ ಕೊನೆಯಲ್ಲಿ ನಿಲ್ಲಬೇಕಾದವರು. ಗಗ್ಗರ ಕಟ್ಟಿದ ರಾತ್ರಿ ಅವರು ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆಯುತ್ತಾರೆ, ಅವನು ಕೈಮುಗಿದು ನಿಲ್ಲುತ್ತಾನೆ. ಬೆಳಗಾದ ಮೇಲೆ ಎಲ್ಲ ಮೊದಲಿನಂತೆಯೇ, ನಿಜ. ಹಾಗಾಗಿ ಇದನ್ನು ಕ್ರಾಂತಿ ಎಂದು ಹೊಗಳುವವರ ಜೊತೆ ನಾನಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಬಾಕಿಯನ್ನು ಎಲ್ಲರೆದುರು ಓದಿ ಹೇಳುವ ಏರ್ಪಾಡು ಅದು.

ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಕೂಡಿಸಿಟ್ಟಿದ್ದ ತುಳುವರ ಭೂತಗಳ ಸಾಮಗ್ರಿ ಅವರು ತೀರಿಕೊಂಡ ಮೇಲೆ 1894ರಿಂದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚಾಯಿತು, ‘ದೆವ್ವಪೂಜೆ’ ಎಂಬ ಹಣೆಪಟ್ಟಿಯಲ್ಲಿ. ಅದೇ ದಶಕದಲ್ಲಿ, 1892ರಲ್ಲಿ, ಜೋಸೆಫ್ ಜೇಕಬ್ಸ್ ಸೆಲ್ಟಿಕ್ ಯಕ್ಷರ ಕಥೆಗಳನ್ನು ಇಂಗ್ಲಿಷ್ ಮಕ್ಕಳಿಗೆಂದು ಚಿತ್ರ ಸಮೇತ ಪ್ರಕಟಿಸಿದರು. ಕುಳ್ಳ ಮಕ್ಕಳ ಕೋಣೆ ಸೇರಿದ, ಕಲ್ಕುಡ ಅಧಿಕಾರಿಗಳ ಕಪಾಟು ಸೇರಿದ. ಮುಂದಿನ ದಾರಿ ಅಲ್ಲೇ ಅರ್ಧ ನಿಶ್ಚಯವಾಗಿತ್ತು.

ಭೂತಗಳು ಘಟ್ಟ ಹತ್ತಿದ್ದು ಕೂಲಿಯವರ ಜೊತೆ. ಈ ಸೀಮೆಯ ಮೊದಲ ನಿಧಿ ಬಾಬಾ ಬುಡನ್ 17ನೇ ಶತಮಾನದಲ್ಲಿ ಮೋಚಾದಿಂದ ಬಚ್ಚಿಟ್ಟು ತಂದರೆಂದು ಹೇಳುವ ಏಳು ಕಾಫಿ ಬೀಜ. 19ನೇ ಶತಮಾನದಲ್ಲಿ ಯುರೋಪಿಯನ್ ದೊರೆಗಳು ಕಾಡು ಕಡಿಸಿ ತೋಟ ಮಾಡಿದಾಗ ಆ ಬೀಜ ನಿಜವಾಗಿಯೂ ಹೊನ್ನಾಯಿತು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳು ತಂದರು. ಮುಂಗಡ ತೀರುವವರೆಗೆ ಆಳು ಇಳಿಯುವಂತಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಅಪ್ಪನ ಸಾಲ ತೀರಿಸಲು ಹತ್ತುವುದು ಇದೇ ಘಟ್ಟದ ಕಾಫಿ ತೋಟಕ್ಕೆ. ಕ್ರೈಸ್ತನಾದರೆ ಉಳಲು ನೆಲ ಸಿಗಬಹುದೆಂದು ಹೊರಟ ಚೋಮನನ್ನು ತಡೆದು ನಿಲ್ಲಿಸುವುದು ಪಂಜುರ್ಲಿಯ ಮೇಲಿನ ಅವನ ನಂಬಿಕೆ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರಕ್ಕೆ ಸ್ವರ್ಣಕಮಲ ಬಂತು. ಭೂತವನ್ನು ಕನ್ನಡ ಸಿನಿಮಾ ಬಡವನ ಕಣ್ಣಿನಿಂದ ಅಷ್ಟು ಹತ್ತಿರದಲ್ಲಿ ನೋಡಿದ್ದು ಕಡಿಮೆ. ಪಂಜುರ್ಲಿ ಅಲ್ಲಿ ತಡೆಯುತ್ತಾನೆ, ನೆಲ ಮಾತ್ರ ಕೊಡಿಸುವುದಿಲ್ಲ.

ಮಲೆನಾಡಿನ ಸಾಹಿತ್ಯ ಭೂತದ ಜೊತೆ ಜಗಳವಾಡುತ್ತಲೇ ಬೆಳೆಯಿತು. ಕುವೆಂಪು ಅವರ 1936ರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ ಭೂತದ ಬಲಿ, ಹರಕೆಗಳಿಗೆ ಎದುರು ನಿಲ್ಲುವವನು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿ ಕೂತವರು, ಜಗಳಕ್ಕೂ ಹೋಗಲಿಲ್ಲ. ಕಾಡಿನಲ್ಲಿ ಬೆರಗು ಬೇಕಿದ್ದರೆ ಭೂತವೇ ಏಕೆ, ಓತಿ ಸಾಲದೆ ಎಂದಂತಿದೆ 1980ರ ‘ಕರ್ವಾಲೊ’. ಲೆಪ್ರೆಕಾನ್‌ನನ್ನು ಹಿಡಿದವನು ಕಣ್ಣು ಕದಲಿಸಿದರೆ ಅವನು ಮಾಯ ಎಂಬುದು ಐರಿಷ್ ನಿಯಮ. ಆ ಕಾದಂಬರಿಯಲ್ಲಿ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ನಾಯಿ ಕಿವಿ, ಎಲ್ಲರೂ ಕಾಡು ಸುತ್ತಿ ಕೊನೆಗೆ ಕಣ್ಣಾರೆ ಕಂಡ ಹಾರುವ ಓತಿಯೂ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿಹೋಗುತ್ತದೆ. ಮೂಡಿಗೆರೆಗೆ ಒಬ್ಬ ಲೆಪ್ರೆಕಾನ್ ಇದ್ದರೆ ಅದು ಈ ಓತಿಯೇ. ವ್ಯತ್ಯಾಸವೆಂದರೆ ಇದು ಸುಳ್ಳಲ್ಲ, ಇಂದಿಗೂ ಅಡಿಕೆ ಮರದಿಂದ ಮರಕ್ಕೆ ಹಾರುತ್ತದೆ.

ಮಕ್ಕಳ ಲೋಕಕ್ಕೆ ಇಳಿದ ದಕ್ಷಿಣದ ಕುಳ್ಳ ಎಂದರೆ ಕೇರಳದ ಕುಟ್ಟಿಚಾತ್ತನ್. ಮನೆಯ ಮೇಲೆ ಕಲ್ಲೆಸೆಯುವ, ಮಂತ್ರವಾದಿಯ ಆಳಾಗಿ ದುಡಿಯುವ ಈ ಪೋರನ ಹೆಸರು ಘಟ್ಟದ ತೋಟಗಳಲ್ಲೂ ಕೇಳದ್ದಲ್ಲ. 1984ರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಭಾರತದ ಮೊದಲ ತ್ರೀಡಿ ಚಿತ್ರ. ಅದರಲ್ಲಿ ಮೂವರು ಮಕ್ಕಳು ಅವನನ್ನು ಮಂತ್ರವಾದಿಯ ಹಿಡಿತದಿಂದ ಬಿಡಿಸುತ್ತಾರೆ. ಅತ್ತ ಕಣ್ಣೂರು, ಕಾಸರಗೋಡುಗಳ ತೆಯ್ಯಂನಲ್ಲಿ ಅದೇ ಕುಟ್ಟಿಚಾತ್ತನ್ ಇಂದಿಗೂ ಬೆಂಕಿಯ ಮುಂದೆ ನಿಲ್ಲುವ ದೈವ. ಪರದೆಯ ಮೇಲಿನ ಪೋರನಿಂದ ತೆಯ್ಯಂಗೆ ಧಕ್ಕೆಯಾಗಲಿಲ್ಲ, ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದವು.

2022ರ ಸೆಪ್ಟೆಂಬರ್ 30ರಂದು ಬಂದ ರಿಷಬ್ ಶೆಟ್ಟಿಯವರ ‘ಕಾಂತಾರ’ದ ನಂತರ ಆ ಬೇರೆ ದಾರಿಗಳು ಉಳಿದಿವೆಯೆ ಎಂಬುದು ಚರ್ಚೆಯ ವಿಷಯ. ಆ ಚಿತ್ರದ ಬೇರು ಇರುವುದು ಒಂದು ಲೇವಾದೇವಿಯಲ್ಲಿ. ನೆಮ್ಮದಿ ಇಲ್ಲದ ಅರಸ 1847ರಲ್ಲಿ ದೈವದ ಕಲ್ಲಿಗೆ ಬದಲಾಗಿ ಕಾಡಿನ ಜನರಿಗೆ ನೆಲ ಬಿಟ್ಟುಕೊಡುತ್ತಾನೆ, ಅವನ ವಂಶದವರು ಅದನ್ನು ವಾಪಸು ಕೇಳುತ್ತಾರೆ, ಪಂಜುರ್ಲಿ ಮತ್ತು ಗುಳಿಗ ಲೆಕ್ಕ ಒಪ್ಪಿಸಿಕೊಳ್ಳುತ್ತಾರೆ. ಚಿತ್ರದ ಅಬ್ಬರ, ಅರಣ್ಯ ಇಲಾಖೆಯವರ ಜೊತೆ ಅದು ಮಾಡಿಕೊಳ್ಳುವ ಸುಲಭದ ರಾಜಿ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಭೂತದ ಹೊಟ್ಟೆಯೊಳಗಿನ ಬಾಕಿಯನ್ನು ಅದು ಮರೆಯಲಿಲ್ಲ, ಜನ ಎದ್ದು ಕೈಮುಗಿದದ್ದು ಅದಕ್ಕೆ. ಆ ವರ್ಷವೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. 2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಹಿಂದಿನ ಕಥೆ ಹೇಳುವ ಚಿತ್ರವೂ ಬಂತು. ಅದೇ ವರ್ಷದ ಕೊನೆಯಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯ ಮೇಲೆ ಹಿಂದಿ ನಟರೊಬ್ಬರು ದೈವದ ಆವೇಶವನ್ನು ಅಣಕಿಸಿ, ವಿರೋಧ ಎದ್ದು, ಕ್ಷಮೆ ಕೇಳಬೇಕಾಯಿತು. ಪ್ರತಿ ಮಾರ್ಚ್ 17ರಂದು, ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ, ಸಾವಿರಾರು ಜನ ಲೆಪ್ರೆಕಾನ್ ವೇಷ ಹಾಕಿ ಬೀದಿಯಲ್ಲಿ ಬಿಯರ್ ಕುಡಿಯುತ್ತಾರೆ. ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಹಾಗೆಂದು ನಮ್ಮವರಿಗೆ ನಗಲು ಬರುವುದಿಲ್ಲವೆಂದಲ್ಲ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೋಡಿ ಊರೂರೇ ನಕ್ಕಿತು. ಅಲ್ಲಿ ಮೈಮೇಲೆ ಬಂದಿದ್ದಾಳೆಂದು ಊರು ನಂಬುವುದು ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ. ದೆವ್ವಕ್ಕೆ ನಗಬಹುದು, ದೈವಕ್ಕೆ ನಗಬಾರದು ಎಂಬ ಗೆರೆಯನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಆ ಸೀಮೆಯ ಚಿತ್ರ ಮಾಡುವವರಿಗೂ ನೋಡುವವರಿಗೂ ಅದು ಗೊತ್ತು.

ಐರ್ಲೆಂಡಿನಲ್ಲೂ ಇಂಥ ಗೆರೆ ಒಂದು ಕಡೆ ಉಳಿದಿದೆ, ಕುಳ್ಳನ ವಿಷಯದಲ್ಲಲ್ಲ, ಮರದ ವಿಷಯದಲ್ಲಿ. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಎಂಬಲ್ಲಿ ಹೆದ್ದಾರಿಗಾಗಿ ಒಂಟಿ ಮುಳ್ಳುಮರವೊಂದನ್ನು ಕಡಿಯಬೇಕಾಗಿತ್ತು. ಅದು ಯಕ್ಷರು ಸೇರುವ ಮರ, ಕಡಿದರೆ ರಸ್ತೆಯಲ್ಲಿ ಅಪಘಾತ ತಪ್ಪಿದ್ದಲ್ಲ ಎಂದು ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದರು. ಮರ ಉಳಿಯಿತು. ನಮ್ಮ ತೋಟಗಳಲ್ಲಿ ಹಳೆ ಗಿಡ ಕಿತ್ತು ಹೊಸದು ಹಾಕುವಾಗ, ನೆರಳಿನ ಕಾಡುಮರ ತೆಗೆದು ಸಿಲ್ವರ್ ಓಕ್ ನೆಡುವಾಗ, ಚೌಡಿಬನದ ನಾಲ್ಕು ಮರಕ್ಕೆ ಮಾತ್ರ ಕೊಡಲಿ ಬೀಳದಿರುವುದು ಇದೇ ಕಾರಣಕ್ಕೆ. ಪರಿಸರ ಭಾಷಣದಿಂದ ಉಳಿದ ಮರಗಳಿಗಿಂತ ಚೌಡಿಯ ಭಯದಿಂದ ಉಳಿದವು ಹೆಚ್ಚು ಎಂದರೆ ಪರಿಸರವಾದಿಗಳು ಬೇಸರ ಮಾಡಿಕೊಳ್ಳಬಾರದು.

ಐರಿಷರು ಮಾಡಿದ ಒಂದು ಕೆಲಸ ನಮ್ಮಲ್ಲಿ ಆಗಿಲ್ಲ, ಅದು ಹೊಟ್ಟೆಕಿಚ್ಚು ಪಡುವಂಥದ್ದು. 1937ರಿಂದ 1939ರವರೆಗೆ ಅವರ ಜಾನಪದ ಆಯೋಗ ಸುಮಾರು 5000 ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ನೋಟ್ ಪುಸ್ತಕ ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ ಎಂದಿತು. ಲಕ್ಷಗಟ್ಟಲೆ ಪುಟ ಕೂಡಿತು, ಕುಳ್ಳನ ಕಥೆಗಳೂ ಅದರಲ್ಲಿವೆ. ತುಳುನಾಡಿನ ಪಾಡ್ದನಗಳಿಗೆ ಅಮೃತ ಸೋಮೇಶ್ವರ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥ ವಿದ್ವಾಂಸರು ಸಿಕ್ಕರು. ಘಟ್ಟದ ಮೇಲಿನ ತೋಟದ ಭೂತಗಳಿಗೆ, ಲೈನ್ ಮನೆಯ ಅಜ್ಜಿಯರ ಬಾಯಲ್ಲಿ ತುಳು, ತಮಿಳು, ಕನ್ನಡ ಕಲಸಿ ಬರುವ ಕಥೆಗಳಿಗೆ ಆ ಪ್ರಮಾಣದ ಗಮನ ಸಿಕ್ಕಿಲ್ಲ. ಮೂಡಿಗೆರೆ, ಕಳಸಗಳ ಹೈಸ್ಕೂಲುಗಳಲ್ಲಿ ಒಂದು ವರ್ಷದ ಕನ್ನಡ ಪ್ರಾಜೆಕ್ಟ್ ಇದಕ್ಕೆ ಮೀಸಲಿಟ್ಟರೆ ಖರ್ಚು ನೋಟ್ ಪುಸ್ತಕದ್ದು ಮಾತ್ರ.

ಅವಸರವೂ ಇದೆ. ಘಟ್ಟದ ಕೆಳಗಿನಿಂದ ಬಂದವರ ಮೊಮ್ಮಕ್ಕಳು ಬೆಂಗಳೂರು ಸೇರಿದ್ದಾರೆ. ಕೊಯ್ಲಿಗೆ ಈಗ ಬರುತ್ತಿರುವವರಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳವರು ಬಹಳ. ಪಂಜುರ್ಲಿಯ ಗುಡಿಯ ಪಕ್ಕದ ಲೈನ್ ಮನೆಯಲ್ಲೇ ಅವರಿರುವುದು. ಬನದ ಕಡೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಅಲ್ಲಿ ಸೌದೆ ಆರಿಸಬೇಡಿ ಎಂದು ತೋಟದ ರೈಟರ್ ಅವರಿಗೆ ಮುರುಕು ಹಿಂದಿಯಲ್ಲಿ ಹೇಳುತ್ತಾನೆ. ಅವರು ಯಾಕೆ ಎಂದು ಕೇಳುವುದಿಲ್ಲ. ತಮ್ಮ ಊರಿನಲ್ಲೂ ಅಂಥ ಮರಗಳಿವೆ ಎನ್ನುತ್ತಾರೆ. ಆ ಮರಗಳಲ್ಲಿ ಇರುವವರು ಯಾರು ಎಂದು ಅವರನ್ನು ನಮ್ಮಲ್ಲಿ ಯಾರೂ ಇನ್ನೂ ವಿಚಾರಿಸಿದಂತಿಲ್ಲ.